ಬೀಳಬಾರದ ಹನ್ನೊಂದು ದಿನ

ಗಾರ್ಮೆಂಟ್ಸ್ ಫ್ಯಾಕ್ಟರಿಯ ನಾನೂರು ಹೆಂಗಸರ ವಿಮೆ ಕಾರ್ಡು ಪ್ರತಿ ವರ್ಷ ಮೂವತ್ತೊಂದನೇ ತಾರೀಖು ನಿಲ್ಲುತ್ತದೆ. ಹೊಸ ಕಾರ್ಡು ಮುಂದಿನ ತಿಂಗಳ ಹನ್ನೆರಡಕ್ಕೆ ಶುರುವಾಗುತ್ತದೆ. ನಡುವಿನ ಹನ್ನೊಂದು ದಿನ ಅವರ ಮಕ್ಕಳಿಗೆ ಕಾರ್ಡಿಲ್ಲ. ಈ ವರ್ಷ ಆರು ವರ್ಷದ ಹುಡುಗಿಯೊಬ್ಬಳು ಆ ದಿನಗಳನ್ನು ಮನೆಯಲ್ಲೇ ಉಬ್ಬಸಪಡುತ್ತಾ ಕಳೆದಳು. ಹನ್ನೆರಡನೇ ತಾರೀಖು ಆಸ್ಪತ್ರೆಗೆ ತಂದರು. ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿತು.

ತಿರಸ್ಕರಿಸಲು ಬೇಕಾದ ಕಾಗದ ಬರೆದವನು ನಾನು.

ಧಡ್!

ಬಾಗಿಲಿಗೆ ಎರಡನೇ ಒದೆ ಬಿತ್ತು. ಚಿಲಕದ ಒಂದು ಸ್ಕ್ರೂ ಕಿತ್ತು ಬಂದು ನನ್ನ ಬೂಟಿನ ಹತ್ತಿರ ಉರುಳಿತು.

"ಕಿವೀ! ಒಳ್ಳೆ ಮಾತಲ್ಲಿ ತೆಗಿ! ರಿಜಿಸ್ಟರ್ ಕೊಡು, ಮನೆಗೆ ಹೋಗು!"

ಹೊರಗಿದ್ದವನು ಬೀರು. ನಮ್ಮ ವಿಮಾ ಕಂಪನಿಯ ಸೆಕ್ಯುರಿಟಿ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇರಬೇಕು. ಆದರೆ ಆಸಾಮಿ ಬಾಗಿಲಲ್ಲಿ ನಿಂತರೆ ಯಾರೋ ಬೀರು ತಂದು ಅಡ್ಡ ಇಟ್ಟ ಹಾಗೆ. ಬೆಳಕೂ ಬರಲ್ಲ, ಗಾಳಿಯೂ ಬರಲ್ಲ!

ಕಿವಿ ಅಂದರೆ ನಾನು. ಕ್ಲೇಮ್ ತನಿಖೆದಾರ. ಯಾರಾದರೂ ವಿಮೆ ಕೇಳಿದರೆ ಆಸ್ಪತ್ರೆಗೆ ಹೋಗಿ, ಹಾಸಿಗೆ ಪಕ್ಕ ಸ್ಟೂಲ್ ಎಳೆದುಕೊಂಡು, ಅವರು ಹೇಳಿದ್ದನ್ನ ಬರೆದುಕೊಳ್ಳೋದು ನನ್ನ ಕಸುಬು. ಎಂಟು ವರ್ಷದಿಂದ. ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ. ಒಂದಕ್ಷರ ಕೂಡಿಸಲ್ಲ, ಒಂದಕ್ಷರ ಕಳೆಯಲ್ಲ. ಅದಕ್ಕೇ ಆ ಹೆಸರು. ನನಗೆ ಅದರ ಬಗ್ಗೆ ಜಂಭ ಬೇರೆ ಇತ್ತು ಅನ್ನಿ.

ಅವತ್ತು ಹದಿನೈದನೇ ತಾರೀಖು. ಮಧ್ಯಾಹ್ನ ಮೂರಕ್ಕೆ ಇನ್ನು ಐದು ನಿಮಿಷ. ನಾನಿದ್ದದ್ದು ಫ್ಯಾಕ್ಟರಿ ಹಿಂದಿನ ಸಣ್ಣ ಕ್ಲಿನಿಕ್ಕಿನ ಔಷಧಿ ರೂಮಲ್ಲಿ. ಶರ್ಟಿನೊಳಗೆ ರೋಗಿಗಳ ರಿಜಿಸ್ಟರು. ಬೆನ್ನ ಹಿಂದೆ ಕಿಟಕಿ. ಕಿಟಕಿ ಆಚೆ ತಗಡಿನ ಚಾವಣಿ.

ಪಕ್ಕದಲ್ಲಿ ಕ್ಲಿನಿಕ್ಕಿನ ನರ್ಸಮ್ಮ. ಅರವತ್ತು ದಾಟಿದಾಕೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಹಾರ್ತೀಯೋ, ಇಲ್ಲಾ ಮಾತ್ರೆ ಎಣಿಸ್ತಾ ಕೂರ್ತೀಯೋ?"

"ನೀವು?"

"ನನ್ನನ್ನ ಏನು ಮಾಡ್ತಾನೆ? ಅವನು ಚಡ್ಡಿ ಹಾಕೋ ಕಾಲಕ್ಕೇ ಸೂಜಿ ಚುಚ್ಚಿದ್ದೀನಿ. ನನ್ನ ಮುಖ ಕಂಡ್ರೆ ಈಗಲೂ ಸೊಂಟ ಮುಟ್ಟಿ ನೋಡ್ಕೋತಾನೆ. ಹಾರು!"

ಧಡ್!

ಹಾರಿದೆ.

ತಗಡಿನ ಮೇಲೆ ಬಿದ್ದವನು ಜಾರತೊಡಗಿದೆ... ಜಾರ್ತಾ ಇರಲಿ ಬಿಡಿ. ಅಷ್ಟರಲ್ಲಿ ಬೆಳಿಗ್ಗೆ ಏನಾಯಿತು ಅಂತ ಹೇಳಿಬಿಡ್ತೀನಿ.

ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ್ ಕರೆದರು. ಅವರನ್ನ ನಾವು ಇಸ್ತ್ರಿ ಅಂತೀವಿ, ಬೆನ್ನ ಹಿಂದೆ. ಕೂತರೂ ನಿಂತರೂ ಶರ್ಟು ಸುಕ್ಕಾಗಲ್ಲ. ಮುಖವೂ ಅಷ್ಟೇ. ನಗುವಾಗಲೂ ಒಂದು ಗೆರೆ ಬೀಳಲ್ಲ.

"ಬ್ಯೂಟಿಫುಲ್ ರಿಪೋರ್ಟ್ ಕಣಯ್ಯ!" ಅಂದರು. "ಈ ಒಂದು ಪದ ನೋಡು. 'ಮೊನ್ನೆ'. ಹದಿಮೂರನೇ ತಾರೀಖು ನೀನು ಆಸ್ಪತ್ರೆಗೆ ಹೋಗಿದ್ದೀಯ. ತಾಯಿ ಹೇಳಿದ್ದಾಳೆ, 'ಮೊನ್ನೆಯಿಂದ ಉಸಿರು ಕಟ್ತಿದೆ ಸಾರ್' ಅಂತ. ಹದಿಮೂರಕ್ಕೆ ಮೊನ್ನೆ ಅಂದ್ರೆ ಎಷ್ಟು?"

"ಹನ್ನೊಂದು..."

"ಹನ್ನೊಂದನೇ ತಾರೀಖು ಕಾರ್ಡ್ ಇತ್ತಾ?"

"ಇಲ್ಲ ಸಾರ್."

"ಕಾರ್ಡ್ ಇಲ್ಲದ ದಿನ ಶುರುವಾದ ಕಾಯಿಲೆ. ಕ್ಲೇಮ್ ಕ್ಲೋಸ್!"



"ಸಾರ್, ಮೊನ್ನೆ ಅನ್ನೋದು ಮಾತಿಗೆ ಅಂತಾರೆ. ನಮ್ಮತ್ತೆ ತೀರಿಕೊಂಡು ಹತ್ತು ವರ್ಷ ಆಯ್ತು. ನಮ್ಮನೆಯವಳು ಇವತ್ತಿಗೂ 'ಮೊನ್ನೆ ಇಲ್ಲೇ ಕೂತಿದ್ರಲ್ಲ' ಅಂತಾಳೆ."

"ನಿಮ್ಮತ್ತೆ ನಮ್ಮ ಹತ್ರ ಕ್ಲೇಮ್ ಹಾಕಿದ್ದಾರಾ?"

"ಇಲ್ಲ..."

"ಹಾಗಾದ್ರೆ ಅವರನ್ನ ಮಧ್ಯೆ ತರಬೇಡ. ನಾಲ್ಕು ಗಂಟೆಗೆ ಆಸ್ಪತ್ರೆಯವರು ಮಗೂನ ಊರಾಚೆ ಸರ್ಕಾರಿ ಆಸ್ಪತ್ರೆಗೆ ಸಾಗಿಸ್ತಾರೆ. ಅಷ್ಟರೊಳಗೆ ಈ ತಿರಸ್ಕಾರ ಪತ್ರ ತಾಯಿಗೆ ಕೊಟ್ಟು, ತಲುಪಿತು ಅಂತ ಸಹಿ ಹಾಕಿಸ್ಕೊಂಡು ಬಾ."

"ಮಗು ಆಕ್ಸಿಜನ್ ಮೇಲಿದೆ ಸಾರ್. ದಾರಿ ಒಂದೂವರೆ ಗಂಟೆ."

"ಅದು ಡಾಕ್ಟರ್ ತಲೆನೋವು. ನಮ್ಮದು ಪೇಪರ್."

ಪೇಪರ್ ಹಿಡಿದು ಹೋದೆ. ಎಂಟು ವರ್ಷ ಹೋದವನಿಗೆ ಅವತ್ತೂ ಕಾಲು ತಾನಾಗೇ ನಡೆಯಿತು.

ಮಕ್ಕಳ ವಾರ್ಡಿನ ಹೊರಗೆ ಉದ್ದನೆ ಬೆಂಚು. ಅದರ ತುದಿಯಲ್ಲಿ ತಾಯಿ. ಆ ಫ್ಯಾಕ್ಟರಿಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯಲ್ಲ. ಹೊಲಿಯೋ ಭಾಗವೇ ಹೆಸರು. ಒಬ್ಬಳು ಕಫ್ ಅಕ್ಕ, ಒಬ್ಬಳು ಜೇಬು ಅಕ್ಕ, ಒಬ್ಬಳು ಬಟನ್ ಅಕ್ಕ. ಇವಳು ಕಾಲರ್ ಅಕ್ಕ. ಹನ್ನೆರಡು ವರ್ಷದಿಂದ ಊರಿನ ಗಂಡಸರ ಕತ್ತು ನೆಟ್ಟಗೆ ನಿಲ್ಲಿಸಿದವಳು. ಅವಳ ಕತ್ತು ಮಾತ್ರ ಬಗ್ಗಿತ್ತು.

ಪತ್ರ ಓದಿದಳು. ನಿಧಾನಕ್ಕೆ. ತುಟಿ ಅಲುಗುತ್ತಿತ್ತು.

"ಮೊನ್ನೆ ಅಂದ್ರೆ ಯಾವತ್ತಮ್ಮ ಅಂತ ನೀವು ಕೇಳ್ಬೇಕಿತ್ತಲ್ವಾ ಅಣ್ಣಾ?"

ನಾನು ನೆಲ ನೋಡಿದೆ. ಒಳ್ಳೆ ಟೈಲ್ಸ್ ಹಾಕಿದ್ದರು.

"ಈಗ ಕೇಳ್ತೀನಿ. ಯಾವತ್ತು?"

"ಇಪ್ಪತ್ತೇಳಕ್ಕೆ. ಹೋದ ತಿಂಗಳು. ಹಳೆ ಕಾರ್ಡ್ ಇತ್ತು. ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಪಂಪು ಕೊಟ್ರು, ಬಾಯಿಗೆ ಇಟ್ಟು ಎಳೆಯೋದು. ವಾರ ಬಿಟ್ಟು ಬಾ, ಔಷಧಿ ಬದಲಿಸ್ತೀವಿ ಅಂದ್ರು. ವಾರ ಬಿಟ್ರೆ ಬೀಳಬಾರದ ದಿನ ಬಂತು."

"ಏನು ದಿನ?"

"ಬೀಳಬಾರದ ದಿನ. ನಾವು ಹಾಗೇ ಅನ್ನೋದು. ಕಾರ್ಡ್ ಇರಲ್ವಲ್ಲ, ಹನ್ನೊಂದು ದಿನ. ಮಕ್ಕಳಿಗೆ ಮೊದಲೇ ಹೇಳಿರ್ತೀವಿ. ಓಡಬೇಡಿ, ಗೋಡೆ ಹತ್ತಬೇಡಿ, ಸೈಕಲ್ ಮುಟ್ಟಬೇಡಿ. ಬಿದ್ರೆ ತೋರಿಸೋಕಾಗಲ್ಲ." ಅವಳು ಪತ್ರವನ್ನ ಮಡಚಿದಳು, ಕಾಲರ್ ಮಡಚೋ ಹಾಗೆ, ಅಂಚಿಗೆ ಅಂಚು ಸೇರಿಸಿ. "ಪುಟ್ಟಿ ಕೇಳಿದ್ಲು, 'ಕೆಮ್ಮಬಹುದಾ ಅಮ್ಮಾ?' ಅಂತ."

ನಾನು ಏನೂ ಬರೆದುಕೊಳ್ಳಲಿಲ್ಲ.

"ಹೇಗಾದ್ರೂ ಮಾಡಿ ಒಂದ್ಸಲ ತೋರಿಸ್ಬಹುದಿತ್ತಲ್ಲ?" ಅಂದೆ. ತಪ್ಪಿತಸ್ಥ ಯಾವಾಗಲೂ ಇನ್ನೊಬ್ಬರ ತಪ್ಪು ಹುಡುಕ್ತಾನೆ, ನೋಡಿ.

"ತೋರಿಸಿದ್ರೆ ಚೀಟಿ ಮೇಲೆ ಆ ತಾರೀಖು ಬೀಳುತ್ತೆ. ಆಮೇಲೆ ಅದು ಕಾರ್ಡಿಲ್ಲದ ದಿನದ ಕಾಯಿಲೆ ಆಗುತ್ತಂತೆ. ಹೊಸ ಕಾರ್ಡ್ ಬಂದ್ರೂ ನಡೆಯಲ್ವಂತೆ. ಹೋದ ವರ್ಷ ಕಫ್ ಅಕ್ಕನ ಮಗನಿಗೆ ಹಾಗೇ ಆಯ್ತು. ಅದಕ್ಕೇ ಯಾರೂ ಹೋಗಲ್ಲ. ಪುಟ್ಟಿ ಪಂಪು ಐದಕ್ಕೆ ಖಾಲಿ. ಬಟನ್ ಅಕ್ಕನ ಮಗಂದು ತಂದ್ವಿ. ಬೆಳಿಗ್ಗೆ ಅವನಿಗೆ, ಸಂಜೆ ಇವಳಿಗೆ. ಹತ್ತಕ್ಕೆ ಅದೂ ಖಾಲಿ. ಸೂಪರ್‌ವೈಸರ್ ದಿನಾ ಹೇಳೋರು, ಕಾರ್ಡ್ ನಾಳೆ ಬರುತ್ತೆ, ನಾಳೆ ಬರುತ್ತೆ..."

ಬಾಗಿಲ ಗಾಜಿನಲ್ಲಿ ನೋಡಿದೆ. ಹಾಸಿಗೆ ದೊಡ್ಡದು, ಮಗು ಸಣ್ಣದು. ಮುಖದ ಮೇಲೆ ಮಾಸ್ಕು. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಹೋಗಿ ಹೋಗಿ ಬರುತ್ತಿತ್ತು.

ಆಗ ತಲೆಯಲ್ಲಿ ಒಂದು ದೀಪ ಹತ್ತಿತು.

ನಮ್ಮ ಷರತ್ತಿನ ಪುಸ್ತಕ. ಹತ್ತೊಂಬತ್ತನೇ ಪುಟ. ಇರುವೆ ಸಾಲಿನಂಥ ಅಕ್ಷರ. ಹಳೆ ಕಾರ್ಡ್ ಇದ್ದಾಗಲೇ ಚಿಕಿತ್ಸೆ ಶುರುವಾದ ಕಾಯಿಲೆ ಆಗಿದ್ದು, ಎರಡು ಕಾರ್ಡಿನ ನಡುವೆ ಹದಿನೈದು ದಿನಕ್ಕಿಂತ ಕಮ್ಮಿ ಅಂತರ ಇದ್ದರೆ, ಹೊಸ ಕಾರ್ಡಿನ ಮೇಲೂ ಕಂಪನಿ ಕೊಡಲೇಬೇಕು! ಆ ಪುಸ್ತಕ ಹೆಂಗಸರ ಕೈಗೆ ಯಾರೂ ಕೊಟ್ಟಿರಲಿಲ್ಲ.

"ಇಪ್ಪತ್ತೇಳರ ಚೀಟಿ ಇದೆಯಾ?"

"ಹೊಸ ಕಾರ್ಡ್ ಮಾಡ್ಸೋಕೆ ಅಂತ ಸೂಪರ್‌ವೈಸರ್ ಇಸ್ಕೊಂಡ್ರು. ವಾಪಸ್ ಕೊಟ್ಟಿಲ್ಲ."

ಚೀಟಿ ಹೋದರೆ ಹೋಗಲಿ. ರಿಜಿಸ್ಟರ್ ಇರುತ್ತಲ್ಲ!

ಕ್ಲಿನಿಕ್ಕಿಗೆ ಓಡಿದೆ. ನರ್ಸಮ್ಮ ಕನ್ನಡಕ ಏರಿಸಿ ಪುಟ ತಿರುವಿದಳು. ಇಪ್ಪತ್ತೇಳನೇ ತಾರೀಖು, ಮೂರನೇ ಸಾಲು. ಹುಡುಗಿ, ಆರು ವರ್ಷ, ಉಬ್ಬಸ, ಪಂಪು ಕೊಟ್ಟಿದೆ, ವಾರದ ನಂತರ ಬರಲು ಹೇಳಿದೆ. ನಮ್ಮ ಕಾರ್ಡ್ ನಂಬರು. ಡಾಕ್ಟರ್ ಸಹಿ.

"ಇನ್ನೊಂದು ನೋಡು," ಅಂದಳು ನರ್ಸಮ್ಮ. ಪುಟ ಮುಂದಕ್ಕೆ ತಿರುವಿದಳು. ಒಂದು, ಎರಡು, ಮೂರು... ಹನ್ನೊಂದು. ಅಂಗಡಿಯವರ ಮಕ್ಕಳಿದ್ದರು, ಡ್ರೈವರ್ ಮಕ್ಕಳಿದ್ದರು. ಫ್ಯಾಕ್ಟರಿ ಮಕ್ಕಳು ಒಬ್ಬರೂ ಇಲ್ಲ!

"ಈ ಹನ್ನೊಂದು ದಿನ ಅವರಿಗೆ ಜ್ವರ ಬರಲ್ಲ, ಕಿವಿ ಸೋರಲ್ಲ, ಕಾಲು ಮುರಿಯಲ್ಲ. ಏನು ಆರೋಗ್ಯ ಅಂತೀಯ!" ಹನ್ನೆರಡನೇ ತಾರೀಖಿನ ಪುಟ ತೆರೆದಳು. ಮೇಲಿಂದ ಕೆಳಗೆ ತುಂಬಿತ್ತು. ಸಾಲು ಸಾಲದೆ ಅಂಚಿನಲ್ಲೂ ಬರೆದಿತ್ತು. "ಹನ್ನೆರಡಕ್ಕೆ ಎಲ್ಲಾ ಒಟ್ಟಿಗೆ ಬರುತ್ತೆ. ಒಬ್ಬಳ ಕಿವಿಯೊಳಗೆ ಕೀವು ಒಡೆದು ಹೋಗಿತ್ತು. ಒಬ್ಬನ ಮಣಿಕಟ್ಟು ಮುರಿದು ಒಂಬತ್ತು ದಿನ ಆಗಿತ್ತು, ಸೊಟ್ಟಗೆ ಕೂಡಿಕೊಂಡಿತ್ತು. ಇನ್ನೊಮ್ಮೆ ಮುರೀಬೇಕು ಅಂದ್ರು ಡಾಕ್ಟ್ರು. ಆರು ವರ್ಷದಿಂದ ಹೀಗೇ. ಒಬ್ಬರಾದ್ರೂ ಬಂದು ಕೇಳ್ತಾರೆ ಅಂತ ಕಾಯ್ತಿದ್ದೆ. ನೀನು ಬಂದೆ. ಅದೂ ಕಂಪನಿ ಕಡೆಯೋನು."

ಈಗ ನನ್ನ ದೊಡ್ಡ ತಪ್ಪು ಕೇಳಿ.

ಅಲ್ಲೇ ನಿಂತು ಇಸ್ತ್ರಿಗೆ ಫೋನ್ ಮಾಡಿದೆ! ಸಂಭ್ರಮ ನನಗೆ.

"ಸಾರ್! ಇಪ್ಪತ್ತೇಳನೇ ತಾರೀಖು ಎಂಟ್ರಿ ಸಿಕ್ತು! ಹತ್ತೊಂಬತ್ತನೇ ಪುಟ ನೋಡಿ ಸಾರ್! ಮಗು ಉಳೀತು!"



"ಆ ರಿಜಿಸ್ಟರ್‌ನಲ್ಲಿ ಬೇರೆ ಮಕ್ಕಳದೂ ಇದೆಯಾ?"

"ಎಲ್ಲಾ ಇದೆ ಸಾರ್! ಆರು ವರ್ಷದ್ದು!"

"ಅಲ್ಲೇ ಇರು," ಅಂದರು, ತುಂಬಾ ಪ್ರೀತಿಯಿಂದ. "ಬೀರುನ ಕಳಿಸ್ತೀನಿ."

ಹೀಗೆ ನಾನು ತಗಡಿನ ಮೇಲೆ ಜಾರುತ್ತಿದ್ದೆ.

ಜಾರಿ ಬಿದ್ದೆ. ಕೆಳಗೆ ಖಾಲಿ ರಟ್ಟಿನ ಡಬ್ಬಗಳ ರಾಶಿ. ಮೊಣಕಾಲು ಚಟ್ ಅಂತು. ಎದ್ದೆ. ಮೇಲೆ ಕಿಟಕಿ ಕತ್ತಲಾಯಿತು. ಅಂದರೆ ಬೀರು ಬಂದು ನಿಂತ.

"ಏಯ್!"

ಕಾಲಿಗೆ ಬುದ್ಧಿ ಹೇಳಿದೆ.

ಗೋಡೆಯಂಚಿಗೇ ಓಡಿದೆ. ಒಂದು ತಿರುವು. ಮುಂದೆ ಫ್ಯಾಕ್ಟರಿ ಗೇಟು. ಅಷ್ಟರಲ್ಲಿ ಮೂರು ಗಂಟೆಯ ಬೆಲ್ ಹೊಡೆಯಿತು. ಶಿಫ್ಟ್ ಬಿಟ್ಟಿತು! ನೀಲಿ ಏಪ್ರನ್ ತೊಟ್ಟ ಹೆಂಗಸರು ಒಂದೇ ಸಮನೆ ಹೊರಗೆ ಬಂದರು. ಅವರ ನಡುವೆ ನುಗ್ಗಿದರೆ ಬದುಕಿದೆ ಅಂದುಕೊಂಡೆ.

"ಇವನೇ ಕಣ್ರೇ!" ಯಾರೋ ಕೂಗಿದರು. "ಕಾಲರ್ ಅಕ್ಕ ಫೋನಲ್ಲಿ ಹೇಳಿದ್ಲಲ್ಲ, ಮೊನ್ನೆ ಅಂತ ಬರೆದೋನು!"

ಬದುಕಲಿಲ್ಲ.

ಸುತ್ತುವರಿದರು. ಒಬ್ಬಳು ಕಾಲರ್ ಹಿಡಿದಳು. ತಾವೇ ಹೊಲಿದ ಕಾಲರ್ ಇರಬೇಕು, ಹಿಡಿತ ಚೆನ್ನಾಗಿ ಗೊತ್ತಿತ್ತು.

"ಏನಪ್ಪಾ, ಈಗ ಯಾರ ಮಗೂನ ತಿನ್ನೋಕೆ ಬಂದೆ?"

"ಅಕ್ಕಾ, ಬಿಡಿ, ಹಿಂದೆ ಬರ್ತಿದ್ದಾನೆ..."

"ಬರಲಿ! ಅವನಿಗೂ ಎರಡು ಕೊಡೋಣ!"

"ರಿಜಿಸ್ಟರ್!" ಕೂಗಿದೆ. ಶರ್ಟಿನೊಳಗಿಂದ ಎಳೆದು ಮೇಲಕ್ಕೆ ಹಿಡಿದೆ. "ಇಪ್ಪತ್ತೇಳನೇ ತಾರೀಖು! ಪುಟ್ಟಿ ಹೆಸರು ಇದೆ! ನಿಮ್ಮೆಲ್ಲರ ಮಕ್ಕಳ ಹೆಸರೂ ಇದೆ! ಇದು ನಾಲ್ಕು ಗಂಟೆಯೊಳಗೆ ಆಸ್ಪತ್ರೆ ಸೇರಬೇಕು!"

ಗಟ್ಟಿ ಮೈಕಟ್ಟಿನ ಒಬ್ಬಳು ರಿಜಿಸ್ಟರ್ ಕಿತ್ತುಕೊಂಡಳು. ಸರಸರ ತಿರುವಿದಳು. ಒಂದು ಕಡೆ ಬೆರಳು ನಿಂತಿತು.

"ನನ್ನ ಮಗಂದು," ಅಂದಳು. ದನಿ ಇಳಿದಿತ್ತು. "ಪಂಪು."

ಓಹೋ, ಬಟನ್ ಅಕ್ಕ!

"ಸ್ಕೂಟರ್ ಇದೆ," ಅಂದಳು. "ಹತ್ತು. ಆದರೆ ನನ್ನ ಮುಟ್ಟಬೇಡ, ಹಿಂದಿನ ಕಂಬಿ ಹಿಡ್ಕೋ."

ಹತ್ತಿದೆ. ಹಿಂತಿರುಗಿ ನೋಡಿದರೆ ಬೀರು ತಿರುವಿನಲ್ಲಿ ಬಂದ. ನೀಲಿ ಏಪ್ರನ್ನುಗಳು ಅವನ ಮುಂದೆ ಮುಚ್ಚಿಕೊಂಡವು.

"ದಾರಿ ಬಿಡಿ!"

"ಸ್ವಲ್ಪ ತಾಳಣ್ಣ, ಚಪ್ಪಲಿ ಕಿತ್ತೋಗಿದೆ."

"ನಂದೂ!"

"ಅಯ್ಯೋ, ನಂದೂ ಕಣಣ್ಣ!"

ನಾನೂರು ಜನರ ಚಪ್ಪಲಿ ಒಟ್ಟಿಗೆ ಕಿತ್ತುಹೋದದ್ದನ್ನ ನಾನು ಮೊದಲ ಸಲ ನೋಡಿದೆ!

ಸ್ಕೂಟರ್ ಹಾರಿತು. ಬಟನ್ ಅಕ್ಕ ಓಡಿಸೋದು ಹೇಗೆ ಗೊತ್ತಾ? ಬ್ರೇಕ್ ಅನ್ನೋದು ಇನ್ನೊಬ್ಬರ ಗಾಡಿಗೆ ಇರೋ ಸಾಮಾನು ಅಂದುಕೊಂಡ ಹಾಗೆ. ಸಾಬೂನಿನ ಅಂಗಡಿ, ಟೈರ್ ಅಂಗಡಿ, ಶಾಲೆ ಗೋಡೆ... ಎಲ್ಲಾ ಒಂದೇ ಗೆರೆಯಾಗಿ ಹೋಯಿತು.

"ಎಷ್ಟು ವರ್ಷದಿಂದ ಈ ಕೆಲಸ?" ಗಾಳಿಯಲ್ಲಿ ಕೂಗಿದಳು.

"ಎಂಟು!"

"ಎಷ್ಟು ಜನರ ಮಾತು ಹೀಗೆ ಬರ್ಕೊಂಡಿದ್ದೀಯ?"

ನಾನು ಕೇಳಿಸದವನ ಹಾಗೆ ಕೂತೆ. ಕಿವಿ ಅಂತ ಹೆಸರು ಬೇರೆ!

"ಹೆಂಡ್ತಿ ಮಕ್ಕಳು?"

"ಒಬ್ಬಳು ಮಗಳು!"

"ಅವಳಿಗೂ ಬೀಳಬಾರದ ದಿನ ಇದೆಯಾ?"

"ಇಲ್ಲ..." ಕಂಪನಿಯ ನೌಕರರ ಕಾರ್ಡು ಮುರಿಯಲ್ಲ. ಹನ್ನೆರಡೂ ತಿಂಗಳು ಚಾಲ್ತಿ. ಇದನ್ನ ಹೇಳಲಿಲ್ಲ.

"ಪುಣ್ಯವಂತೆ. ಹಿಡ್ಕೋ!"

ಹಿಂದೆ ಹಾರ್ನ್. ಕಂಪನಿಯ ಬಿಳಿ ಜೀಪು! ಸ್ಟೀರಿಂಗ್ ಹಿಂದೆ ಬೀರು. ಮೂರು ಬಸ್ಸಿನಷ್ಟು ದೂರ... ಎರಡು... ಒಂದು.

"ಅಕ್ಕಾ! ಗುದ್ದುತ್ತಾನೆ!"

"ಗುದ್ದೋಕೆ ದಾರಿ ಬೇಕಲ್ಲ!"

ಥಟ್ಟನೆ ಎಡಕ್ಕೆ ತಿರುಗಿಸಿದಳು. ಒಂದು ಆಳು ಅಗಲದ ಸಂದಿ. ನನ್ನ ಎರಡೂ ಮೊಣಕೈ ಎರಡೂ ಗೋಡೆಗೆ ಉಜ್ಜಿದವು. ಚರ್ಮ ಅಲ್ಲೇ ಉಳೀತು. ಹಿಂದೆ ಟೈರು ಕಿರುಚಿತು, ತಗಡು ಜಜ್ಜಿದ ಸದ್ದು, ಆಮೇಲೆ ಬೀರುವಿನ ಬಾಯಿಂದ ಬರೆಯಬಾರದ ಮಾತು. ಹೇಳಿದ್ದನ್ನೆಲ್ಲ ಬರೆಯೋ ನಾನೂ ಅದನ್ನ ಬಿಟ್ಟಿದ್ದೀನಿ.

ಆಸ್ಪತ್ರೆ ಗೇಟಿಗೆ ಬಂದಾಗ ಮೂರು ಇಪ್ಪತ್ತು. ಆಂಬುಲೆನ್ಸ್ ಆಗಲೇ ಹಿಂಬಾಗಿಲು ತೆರೆದು ನಿಂತಿತ್ತು. ಡ್ರೈವರ್ ಸ್ಟ್ರೆಚರ್ ಒರೆಸುತ್ತಿದ್ದ.

"ನೀವು ಮೇಲಕ್ಕೆ ಓಡಿ! ಮೂರನೇ ಮಹಡಿ, ಮಕ್ಕಳ ಡಾಕ್ಟರಮ್ಮ! ಅವರ ಕೈಗೇ ಕೊಡಿ!"

"ನೀನು?"

ಹಿಂದೆ ನೋಡಿದೆ. ಮೂತಿ ಚಪ್ಪಟೆಯಾದ ಜೀಪು ಗೇಟಿನೊಳಗೆ ಬರುತ್ತಿತ್ತು.

"ನಾನು ಸ್ವಲ್ಪ ಮಾತಾಡಿ ಬರ್ತೀನಿ."

ಮೆಟ್ಟಿಲ ಬುಡದಲ್ಲಿ ನಿಂತೆ. ಅಗಲವಾಗಿ ಕಾಣಲಿ ಅಂತ ಎರಡೂ ಕೈ ಚಾಚಿದೆ. ಬೀರು ಇಳಿದು ಬಂದ. ಹಣೆಯಲ್ಲಿ ರಕ್ತ.

"ಸರಿ ಆ ಕಡೆ."

"ಬೀರು, ನಿಂಗೂ ಮಕ್ಕಳಿದ್ದಾರೆ..."

"ಅದಕ್ಕೇ ಕೆಲಸ ಬಿಡೋಕಾಗಲ್ಲ."

ಮೊದಲ ಏಟು ಹೊಟ್ಟೆಗೆ. ಉಸಿರು ಹೊರಟೇ ಹೋಯಿತು... ಒಂದು ಕ್ಷಣ ಬಾಯಿ ತೆರೆದೆ, ಏನೂ ಒಳಗೆ ಬರಲಿಲ್ಲ. ಗಾಜಿನಾಚೆ ನೋಡಿದ ಆ ಪುಟ್ಟ ಪಕ್ಕೆಲುಬುಗಳಿಗೆ ಎಂಥ ಕಷ್ಟ ಅಂತ ಆಗ ತಿಳೀತು. ಎರಡನೇ ಏಟು ದವಡೆಗೆ. ಬಿದ್ದೆ. ಬಿದ್ದವನು ಅವನ ಕಾಲು ತಬ್ಬಿಕೊಂಡೆ. ಬಿಡಲಿಲ್ಲ. ಬೀರು ನನ್ನನ್ನ ಒಂದು ಮಹಡಿ ಪೂರ್ತಿ ಕಾಲಿಗೆ ಕಟ್ಟಿಕೊಂಡೇ ಹತ್ತಿದ. ಒಂದೊಂದು ಮೆಟ್ಟಿಲೂ ನನ್ನ ಗಲ್ಲದಲ್ಲಿ ಎಣಿಕೆ ಆಯಿತು. ಮೊದಲ ಮಹಡಿಯಲ್ಲಿ ಎರಡು ವಾರ್ಡ್‌ಬಾಯ್‌ಗಳು, ಒಬ್ಬ ಗಾರ್ಡು ಸೇರಿ ಅವನನ್ನ ಹಿಡಿದರು.

ಉಳಿದ ಎರಡು ಮಹಡಿ ನಾನೊಬ್ಬನೇ ಹತ್ತಿದೆ. ತೆವಳಿದೆ ಅನ್ನೋದೇ ಸರಿ.

ಮೇಲೆ ಡಾಕ್ಟರಮ್ಮ ರಿಜಿಸ್ಟರನ್ನ ಕಿಟಕಿ ಬೆಳಕಿಗೆ ಹಿಡಿದು ಓದುತ್ತಿದ್ದರು. ತೆಳ್ಳಗಿನ ಹೆಂಗಸು, ಕಣ್ಣ ಕೆಳಗೆ ಕಪ್ಪು. ಬಟನ್ ಅಕ್ಕ, ಕಾಲರ್ ಅಕ್ಕ ಉಸಿರು ಬಿಗಿಹಿಡಿದು ನಿಂತಿದ್ದರು.

"ಇಪ್ಪತ್ತೇಳಕ್ಕೇ ಚಿಕಿತ್ಸೆ ಶುರುವಾಗಿದೆ," ಅಂದರು. "ಯಾವ ಪಂಪು ಕೊಟ್ಟಿದ್ರು ಅಂತ ಮೂರು ದಿನದ ಹಿಂದೆ ಗೊತ್ತಾಗಿದ್ರೆ ಔಷಧಿ ಬೇರೆ ಕೊಡ್ತಿದ್ದೆ." ನನ್ನ ಕಡೆ ತಿರುಗಿದರು. "ನೀವ್ಯಾರು? ಬಾಯಲ್ಲಿ ರಕ್ತ ಬರ್ತಿದೆ."

"ಕಂಪನಿ ಕಡೆಯೋನು ಮೇಡಂ. ಹತ್ತೊಂಬತ್ತನೇ ಪುಟ... ಅವರು ಕೊಡಲೇಬೇಕು."

"ಅದು ನಿಮ್ಮ ವ್ಯವಹಾರ." ಆಫೀಸಿಗೆ ಫೋನ್ ಮಾಡಿದರು. ಎರಡೇ ಮಾತು. "ಆಂಬುಲೆನ್ಸ್ ವಾಪಸ್ ಕಳಿಸಿ. ಈ ಮಗು ಕದಲಲ್ಲ."

ಕಾಲರ್ ಅಕ್ಕ ಗೋಡೆಗೆ ಒರಗಿದಳು. ಹಾಗೇ ಕುಸಿದು ಕೂತಳು. ಅಳಲಿಲ್ಲ. ಒಳಗಿನ ಮಗುವಿನ ಲಯಕ್ಕೆ ತಾನೂ ಉಸಿರಾಡುತ್ತಿದ್ದಳು ಅಂತ ಕಾಣುತ್ತೆ.

ಡಾಕ್ಟರಮ್ಮ ಹೊಸ ಇಂಜೆಕ್ಷನ್ ಹಾಕಿದರು. ಐದೂವರೆಗೆ ಮಗು ಕಣ್ಣು ಬಿಟ್ಟಿತಂತೆ, ನೀರು ಕೇಳಿತಂತೆ.

ಆರಕ್ಕೆ ಇಸ್ತ್ರಿ ಬಂದರು. ಸ್ವತಃ! ಶರ್ಟು ಹಾಗೇ. ಕೈಯಲ್ಲಿ ಎರಡು ಕಾಗದ.

"ಏನಮ್ಮ, ಮಗು ಹೇಗಿದೆ? ಪಾಪ..." ಬೆಂಚಿನ ಮೇಲೆ ಕೂರುವ ಮುಂಚೆ ಕರವಸ್ತ್ರ ಹಾಸಿದರು. "ನಾನೂ ಮಕ್ಕಳೊಂದಿಗನೇ. ಇದು ಅಪ್ರೂವಲ್. ಪೂರ್ತಿ ಖರ್ಚು ಕಂಪನಿದು. ನೋಡು, ಸಹಿ ಮಾಡಿದ್ದೀನಿ."

ಬಟನ್ ಅಕ್ಕ ಕಾಗದ ಇಣುಕಿ ನೋಡಿದಳು. ನಿಜ. ಸಹಿ ಇತ್ತು, ಸೀಲೂ ಇತ್ತು.

"ಇದು ಇನ್ನೊಂದು. ಫಾರ್ಮಾಲಿಟಿ. ನೀನು ಇದಕ್ಕೆ ಸಹಿ ಹಾಕಿದ್ರೆ ಅದು ನಿಂದು."

ಎರಡನೇ ಕಾಗದ ನಾನು ಓದಿದೆ. ನಾಲ್ಕೇ ಸಾಲು. "ನನ್ನ ಅಜಾಗರೂಕತೆಯಿಂದ ಮಗುವನ್ನು ಹನ್ನೊಂದು ದಿನ ವೈದ್ಯರಿಗೆ ತೋರಿಸಲಿಲ್ಲ. ಇದಕ್ಕೆ ಕಾರ್ಡಿನ ಅವಧಿ ಕಾರಣವಲ್ಲ. ಕಂಪನಿಯಾಗಲಿ ಫ್ಯಾಕ್ಟರಿಯಾಗಲಿ ಹೊಣೆಯಲ್ಲ. ಸದರಿ ರಿಜಿಸ್ಟರನ್ನು ಕಂಪನಿಗೆ ಒಪ್ಪಿಸಲು ನನ್ನ ಒಪ್ಪಿಗೆ ಇದೆ."

ನಾನು ಏನು ಮಾಡಿದೆ ಗೊತ್ತಾ? ಒರಟು ಮನುಷ್ಯ, ಎಂಟು ವರ್ಷ ಆ ಕಂಪನಿಯಲ್ಲಿ ತಲೆ ಬಗ್ಗಿಸಿ ಬರೆದವನು... ನನಗೆ ಅದು ಒಳ್ಳೆ ವ್ಯಾಪಾರ ಅನ್ನಿಸಿತು!

"ಹಾಕಿಬಿಡು ಅಕ್ಕ," ಅಂದೆ. "ಬರೀ ಮಾತು. ನಾಲ್ಕು ಸಾಲು. ಪುಟ್ಟಿ ಉಳೀತಾಳೆ. ಹಠ ಮಾಡಬೇಡ."

ಪೆನ್ ಕೊಟ್ಟೆ. ತಗೊಂಡಳು. ತುಟಿ ಅಲುಗಿಸುತ್ತಾ ಓದಿದಳು. ಒಂದು ಸಲ. ಮತ್ತೆ ಮೊದಲಿಂದ.

"ಅಣ್ಣಾ, ನೀವು ಹೇಳಿದ್ದನ್ನ ಹೇಳಿದ ಹಾಗೇ ಬರೀತೀರಿ ಅಂತಾರೆ. ನಾನು ಇದನ್ನ ಹೇಳಿದ್ನಾ?"

"ಇಲ್ಲ..."

"ಅಜಾಗರೂಕತೆ ಅಂದ್ರೆ ಏನು?"

"ಅಂದ್ರೆ... ಮಗು ಬಗ್ಗೆ ಗಮನ ಇರಲಿಲ್ಲ ಅಂತ."

ಅವಳು ನನ್ನನ್ನೇ ನೋಡಿದಳು. ಬೀರು ಕೊಟ್ಟ ಏಟು ಆ ನೋಟದ ಮುಂದೆ ಏನೂ ಇಲ್ಲ.

"ಹನ್ನೊಂದು ರಾತ್ರಿ ಅವಳ ಎದೆ ಮೇಲೆ ಕೈಯಿಟ್ಟು ಕೂತಿದ್ದೆ. ಉಸಿರು ನಿಂತ್ರೆ ಗೊತ್ತಾಗ್ಲಿ ಅಂತ. ಗಮನ ಇರಲಿಲ್ವಾ?"

ಬಟನ್ 'ಕ್ಲಿಕ್' ಅಂತ ಕೂರೋ ಹಾಗೆ ಪೆನ್ನಿನ ಕ್ಯಾಪ್ ಮುಚ್ಚಿದಳು.

"ನಾನು ಕಾಯ್ಲಿಲ್ಲ ಅಣ್ಣಾ. ನನ್ನನ್ನ ಕಾಯಿಸಿದ್ರು. ಹಾಗೆ ಬರೀರಿ, ಈಗಲೇ ಹಾಕ್ತೀನಿ. ಇದಕ್ಕೆ ಹಾಕಿದ್ರೆ ಬರೋ ವರ್ಷ ಇದೇ ಕಾಗದ ನಾನೂರು ಜನರ ಮುಂದೆ ಇಡ್ತೀರಿ. ಕಾಲರ್ ಅಕ್ಕನೇ ಒಪ್ಕೊಂಡಿದ್ದಾಳೆ, ನೀವೂ ಒಪ್ಕೊಳ್ಳಿ ಅಂತ."

"ನೋಡಮ್ಮ," ಇಸ್ತ್ರಿ ಎದ್ದರು. ಮೊದಲ ಸಲ ಅವರ ಹಣೆಯಲ್ಲಿ ಒಂದು ಸಣ್ಣ ಗೆರೆ ಕಂಡೆ. "ಇದಿಲ್ದೆ ಅದಿಲ್ಲ. ಹತ್ತೊಂಬತ್ತನೇ ಪುಟ ಅಂತ ಕೋರ್ಟಿಗೆ ಹೋದ್ರೆ ವರ್ಷಗಟ್ಟಲೆ ಆಗುತ್ತೆ. ನಾಳೆ ಆಸ್ಪತ್ರೆ ಬಿಲ್ ಕೈಗೆ ಬಂದಾಗ ನನ್ನ ಹತ್ರ ಅಳಬೇಡ. ಡಾಕ್ಟರಮ್ಮ ಎಷ್ಟು ದಿನ ಇಟ್ಕೋತಾರೆ?"

"ಗೊತ್ತಿಲ್ಲ ಸಾರ್."

"ಮಗಳಿಗಿಂತ ಹೆಚ್ಚಾ ನಿಂಗೆ ಈ ನಾಲ್ಕು ಸಾಲು?"

ಅವಳು ಬಾಗಿಲ ಗಾಜಿನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಹಾಕಿಬಿಡ್ತಾಳೆ ಅಂದುಕೊಂಡೆ. ಹಾಕಿದ್ದರೆ ಯಾರೂ ಬೈಯುತ್ತಿರಲಿಲ್ಲ. ನಾನಂತೂ ಬೈಯುತ್ತಿರಲಿಲ್ಲ.

ರಿಜಿಸ್ಟರನ್ನ ಮಡಿಲಿಗೆ ಎಳೆದುಕೊಂಡಳು.

"ಹಾಕಲ್ಲ."

ಇಸ್ತ್ರಿ ನನ್ನ ಕಡೆ ತಿರುಗಿ ಗದರಿದರು. "ನಿಂತು ಏನು ನೋಡ್ತೀಯ? ಹೇಳು ಅವಳಿಗೆ! ಇದು ನಿನ್ನ ಕೆಲಸ!"

ಒಡೆದ ತುಟಿ ಒರೆಸಿಕೊಂಡೆ. ಕಾಲರ್ ಅಕ್ಕನ ಪಕ್ಕ, ಬೆಂಚಿನ ಮೇಲೆ, ಅವರ ಕರವಸ್ತ್ರದ ಮೇಲೇ ಕೂತೆ.

"ನಾನು ಹೇಳಲ್ಲ ಸಾರ್. ಬೇಕಿದ್ರೆ ನೀವೇ ಹೇಳಿ. ಆದ್ರೆ ಸ್ವಲ್ಪ ಮೆತ್ತಗೆ... ಒಳಗೆ ಮಗು ಈಗಷ್ಟೇ ನಿದ್ದೆ ಹೋಗಿದೆ."